ಸುಗ್ಗಿಯ ಪಾನ

ಮಲ್ಲೇಶ್ವರದ ಸಂಪಿಗೆ ರಸ್ತೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಹೂವು, ಬಾಳೆಲೆ, ಮಾವಿನ ಸೊಪ್ಪು, ಹಬ್ಬದ ಹಿಂದಿನ ದಿನದ ನೂಕುನುಗ್ಗಲು, ಎಂಟನೆಯ ಅಡ್ಡರಸ್ತೆಯ ಅಂಗಡಿಸಾಲು, ಸ್ವಲ್ಪ ದೂರದಲ್ಲಿ ಕಾಡುಮಲ್ಲೇಶ್ವರನ ಗುಡಿ, ಇವೆಲ್ಲ ಸೇರಿದರೆ ಸಂಪಿಗೆ ರಸ್ತೆಯ ಸೀಮೆ. ೧೮೯೮ರ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಹೊರಬಂದ ಸಂಸಾರಗಳು ನೆಲೆನಿಂತ ಬಡಾವಣೆ ಇದು. ಕಾಫಿಗೂ ದೋಸೆಗೂ ಹೆಸರಾದದ್ದು. ಇಂಥ ರಸ್ತೆಯ ಮಗ್ಗುಲಲ್ಲೇ ಇರುವ ನಮ್ಮ ಮನೆಯ ನಡುಮನೆಯಲ್ಲಿ, ಮೂವತ್ತು ವರುಷಗಳಿಂದ ಹೈಸ್ಕೂಲಿನ ಹುಡುಗರಿಗೆ ಕನ್ನಡ ಪಾಠ ಹೇಳುತ್ತಿರುವ ನಾನು, ಹೋದ ಬೇಸಗೆಯ ಒಂದು ಭಾನುವಾರ ಸ್ಟೀಲು ಲೋಟದಲ್ಲಿ ಬಿಯರು ಕುಡಿದೆ. ಎಷ್ಟು ಎಂದು ಕೇಳುವಿರಾ? ನಾಲ್ಕು ಗುಟುಕು. ಆ ನಾಲ್ಕು ಗುಟುಕಿನ ಹಿಂದೆ ಒಂದು ಚರಿತ್ರೆ ಇಲ್ಲದೆ ಹೋಗಿದ್ದರೆ ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಮೊದಲು ಒಂದು ಮಾತು. ನಮ್ಮ ಹಿರಿಯರು ಈ ಪಾನೀಯವನ್ನು ‘ಬೀರು’ ಎಂದೂ ಬರೆಯುತ್ತಿದ್ದರು. ಬೆಂಗಳೂರಿನ ಮನೆಗಳಲ್ಲಿ ಬೀರು ಎಂದರೆ ಸೀರೆ ಒಡವೆಗಳನ್ನಿಡುವ ಕಬ್ಬಿಣದ ಕಪಾಟು. ಮನೆಯಲ್ಲಿ ಬೀರು ಇದೆ ಎಂದವರನ್ನು ನೆರೆಯವರು ತಪ್ಪು ತಿಳಿಯಬಾರದಷ್ಟೆ. ಆದುದರಿಂದ ನಾನು ಬಿಯರು ಎಂದೇ ಬರೆಯುತ್ತೇನೆ.

ತಂದುಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ೨೦೧೦ರಿಂದ ಈಚೆಗೆ ಬೆಂಗಳೂರಿನಲ್ಲಿ ಗಿರಾಕಿಗಳ ಕಣ್ಣೆದುರಿಗೇ ಬಿಯರು ಕಾಯಿಸಿ ಅಲ್ಲಿಯೇ ಕೊಡುವ ಸಣ್ಣ ಬ್ರೂವರಿಗಳು ಒಂದೊಂದಾಗಿ ತಲೆಯೆತ್ತಿದುವಲ್ಲವೆ? ಅಂಥ ಒಂದರಲ್ಲಿ ಅವನಿಗೆ ಕೆಲಸ. ಬಟ್ಟೆಯ ಚೀಲದಿಂದ ಸೀಸೆಯನ್ನು ತೆಗೆದಿಟ್ಟು, ‘ಸಾರ್, ಇದಕ್ಕೆ ಸೆಜೋನ್ ಅಂತಾರೆ. ನಾನೇ ಮಾಡಿದ್ದು, ಸ್ವಲ್ಪ ರಾಗಿ ಬೆರೆಸಿದ್ದೀನಿ. ನಮ್ಮ ಹಲಗೆ ಮೇಲೆ ಇದರ ಹೆಸರು ಕನ್ನಡದಲ್ಲಿ ಬರೀಬೇಕು. ಏನಂತ ಬರೀಲಿ?’ ಎಂದು ಕೇಳಿದ. ಹೆಸರಿಡಬೇಕಾದವನು ಪದಾರ್ಥವನ್ನು ಅರಿಯದೆ ಹೆಸರಿಡಬಾರದು. ಕುಡಿದದ್ದಕ್ಕೆ ನನ್ನ ಸಮರ್ಥನೆ ಇಷ್ಟೆ. ಒಳಗಿನಿಂದ ನಮ್ಮ ಮನೆಯವರು ಇದನ್ನು ಒಪ್ಪಲಿಲ್ಲ; ಆದರೆ ಲೋಟ ತಂದುಕೊಟ್ಟವರೂ ಅವರೇ.

ಸೆಜೋನ್ ಎಂಬುದು ಫ್ರೆಂಚರ ಮಾತು, ಋತು ಎಂದರ್ಥ. ಬೆಲ್ಜಿಯಂ ದೇಶದ ದಕ್ಷಿಣಭಾಗ ವಲೋನಿಯ. ಅಲ್ಲಿಯವರು ಫ್ರೆಂಚ್ ಆಡುವವರು. ಅದರ ಪಡುವಲಲ್ಲಿ ಎನೋ ಎಂಬ ಪ್ರಾಂತವಿದೆ. ಆ ಸೀಮೆಯ ದೊಡ್ಡ ಒಕ್ಕಲುಮನೆಗಳಲ್ಲಿ ದನದ ಕೊಟ್ಟಿಗೆಯ ಪಕ್ಕದಲ್ಲೇ ಬಿಯರು ಕಾಯಿಸುವ ಮನೆಯೂ ಇರುತ್ತಿತ್ತು. ಚಳಿಗಾಲದಲ್ಲಿ ಹೊಲದ ಕೆಲಸ ಕಡಮೆ. ಹವೆ ತಣ್ಣಗಿರುವುದರಿಂದ ಕಾಯಿಸಿದ್ದು ಕೆಡುವ ಭಯವೂ ಕಡಮೆ. ಆಗ ಕಾಯಿಸಿ ಪೀಪಾಯಿಗಳಲ್ಲಿ ತುಂಬಿಟ್ಟರೆ ಬೇಸಗೆಯ ಕೊಯ್ಲಿಗೆ ಬರುವ ಆಳುಗಳಿಗೆ ಆಯಿತು. ಬಾವಿಯ ನೀರನ್ನು ನಂಬುವಂತಿರಲಿಲ್ಲ. ಕುದಿದು ಇಳಿದ ಬಿಯರನ್ನು ನಂಬಬಹುದಾಗಿತ್ತು. ಕುಡಿದವನು ಮಧ್ಯಾಹ್ನ ಹುಲ್ಲಿನ ಮೆದೆಯ ನೆರಳಲ್ಲಿ ಮಲಗಿಬಿಟ್ಟರೆ ಒಡೆಯನಿಗೆ ನಷ್ಟ. ಆದ್ದರಿಂದ ಅದು ತೆಳುವಾದದ್ದು, ಬಾಯಾರಿಕೆಗೆಂದು ಮಾಡಿದ್ದು. ಈ ಕಥೆಯ ಅಂಚಿಗೆ ಈಚಿನವರು ಜರಿ ಹಚ್ಚಿದ್ದಾರೆಂದೂ ಪಟ್ಟಣದ ಬ್ರೂವರಿಗಳೂ ಸೆಜೋನ್ ಎಂಬ ಹೆಸರಿನಲ್ಲಿ ಮಾರುತ್ತಿದ್ದುವೆಂದೂ ಹಳೆಯ ಕಾಗದಪತ್ರ ಕೆದಕುವವರು ಆಕ್ಷೇಪಿಸುತ್ತಾರೆ. ಆಕ್ಷೇಪಿಸಲಿ. ಸೀರೆ ಹಳ್ಳಿಯ ಮಗ್ಗದ್ದೇ.

ಆ ಪ್ರಾಂತದ ತೂರ್ಪ್ ಎಂಬ ಹಳ್ಳಿಯಲ್ಲಿ ೧೮೪೪ರಿಂದ ನಡೆದುಬಂದ ಒಂದು ಒಕ್ಕಲುಮನೆಯ ಬ್ರೂವರಿಯನ್ನು ೧೯೨೦ರಲ್ಲಿ ದ್ಯುಪೊಂ ಮನೆತನದವರು ಕೊಂಡರು. ಇಂದು ಸೆಜೋನ್ ಎಂದೊಡನೆ ಬಲ್ಲವರು ನೆನೆಯುವುದು ಅವರದನ್ನೇ. ಅದರಲ್ಲಿ ಮದ್ಯಸಾರ ನೂರಕ್ಕೆ ಆರೂವರೆ; ಹೊಲದ ಆಳಿನ ತೆಳುಪಾನಕ್ಕಿಂತ ಬಲವಾದದ್ದು. ಕಾರ್ಖಾನೆಯ ತಿಳಿಬಿಯರುಗಳ ನೆರೆ ಬಂದಾಗ ಇಂಥ ಹಳ್ಳಿಪಾನಗಳು ಬಹುಪಾಲು ಕೊಚ್ಚಿಹೋಗುವುದರಲ್ಲಿದ್ದುವು. ೧೯೭೭ರಲ್ಲಿ ಲೋಕದ ಬಿಯರುಗಳನ್ನು ಕುರಿತು ದೊಡ್ಡ ಪುಸ್ತಕ ಬರೆದ ಮೈಕಲ್ ಜಾಕ್ಸನ್ ಎಂಬ ಇಂಗ್ಲಿಷ್ ಬರೆಹಗಾರ—ನಿಮ್ಮ ಮಕ್ಕಳು ಬಲ್ಲ ಹಾಡುಗಾರನಲ್ಲ, ಬೇರೆಯವನು—ಆತನಂಥವರು ಇವುಗಳ ಗುಣವನ್ನು ಎತ್ತಿ ಹೇಳಿದ ಮೇಲೆ ಅಮೆರಿಕದವರು ಕಲಿತರು. ಅಲ್ಲಿಂದ ಬೆಂಗಳೂರಿಗೆ ಬಂತು.

ಮಾಡುವ ಬಗೆಯನ್ನು ನಮ್ಮ ಅಡಿಗೆಮನೆಯ ಮಾತಿನಲ್ಲಿ ಹೇಳಿದರೆ ಹೆದರುವಂಥದು ಏನೂ ಇಲ್ಲ. ಮಗುವಿಗೆ ರಾಗಿಸರಿ ಮಾಡುವ ಮನೆಯಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸುವುದಿಲ್ಲವೆ? ಬಾರ್ಲಿಯನ್ನು ಅದೇ ರೀತಿ ಮಾಡಿದರೆ ಅದು ಮಾಲ್ಟು. ಮೊಳಕೆಯೊಡೆದ ಕಾಳಿನಲ್ಲಿ ಹಿಟ್ಟನ್ನು ಸಕ್ಕರೆಯಾಗಿ ಮುರಿಯುವ ಒಂದು ಶಕ್ತಿ ಹುಟ್ಟುತ್ತದೆ. ಆ ಕಾಳನ್ನು ನುಚ್ಚು ಮಾಡಿ, ಸುಮಾರು ೬೫ ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ ಒಂದು ಗಂಟೆ ಇರಿಸಿದರೆ ನೀರು ಸಿಹಿಯಾಗುತ್ತದೆ. ಸೋಸಿ, ಹಾಪ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟನ್ನು ಬಿಡುತ್ತಾರೆ. ಸೆಜೋನಿನ ಹೆಚ್ಚಳ ಇರುವುದು ಇಲ್ಲಿ. ಬೇರೆ ಬಿಯರಿನ ಯೀಸ್ಟು ತಂಪನ್ನು ಬಯಸಿದರೆ ಇದರದು ೩೦ ಡಿಗ್ರಿಯ ಸೆಕೆಯಲ್ಲೂ ಉಲ್ಲಾಸದಿಂದ ದುಡಿಯುತ್ತದೆ. ತಣ್ಣಗಾದರೆ ಮುನಿಸಿಕೊಂಡು ಕೆಲಸ ನಿಲ್ಲಿಸುತ್ತದೆ. ಮಾಗಿಯಲ್ಲಿ ನಿಮ್ಮ ಮನೆಯ ದೋಸೆಹಿಟ್ಟು ಬೆಳಗಾದರೂ ಉಬ್ಬದೆ ಕುಳಿತು, ಚೈತ್ರದಲ್ಲಿ ರಾತ್ರೋರಾತ್ರಿ ಪಾತ್ರೆ ಮೀರಿ ಹರಿಯುವುದನ್ನು ನೀವು ಕಂಡಿದ್ದೀರಿ. ಇದೂ ಅಂಥದೇ. ಸೆಕೆಯಲ್ಲಿ ದುಡಿದ ಈ ಯೀಸ್ಟು ಇತರರು ಬಿಟ್ಟುಬಿಡುವ ಸಕ್ಕರೆಯನ್ನೂ ತಿಂದು ಮುಗಿಸುವುದರಿಂದ ಪಾನದಲ್ಲಿ ಸಿಹಿ ಉಳಿಯುವುದಿಲ್ಲ. ಮೆಣಸು ಹಾಕದೆಯೂ ಮೆಣಸಿನ ಘಮಲು ಬರುತ್ತದೆ.

ಹಿಟ್ಟನ್ನು ಸಕ್ಕರೆಯಾಗಿ ಮುರಿಯುವ ಆ ಶಕ್ತಿಗೆ ನಮ್ಮ ಶಾಲೆಯ ವಿಜ್ಞಾನದ ಪುಸ್ತಕಗಳಲ್ಲಿ ‘ಕಿಣ್ವ’ ಎಂಬ ಹೆಸರಿದೆ. ಈ ಶಬ್ದ ಎಲ್ಲಿಂದ ಬಂತೆಂದು ವಿಜ್ಞಾನದ ಮೇಷ್ಟರು ಕೇಳುವುದಿಲ್ಲ. ನಾವು ಪಂಡಿತರು ಕೇಳುತ್ತೇವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಪ್ರಕರಣವೇ ಮೀಸಲು. ಅಲ್ಲಿ ಮೇದಕವೆಂಬ ಅಕ್ಕಿಯ ಮದ್ಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಳತೆ ಹೇಳಿದೆ. ಮದ್ಯಕ್ಕೆ ಹೆಪ್ಪಾಗಿದ್ದ ಪದಾರ್ಥದ ಹೆಸರು ಇಂದು ಒಂಬತ್ತನೆಯ ತರಗತಿಯ ಹುಡುಗನ ಬಾಯಲ್ಲಿ ಮಡಿಯುಟ್ಟು ನಿಂತಿದೆ! ಅದೇ ಪ್ರಕರಣದಲ್ಲಿ ಇನ್ನೊಂದು ಮಾತೂ ಇದೆ. ಕೆಟ್ಟುಹೋದ ಸುರೆಯನ್ನು ಏನು ಮಾಡಬೇಕು? ದಾಸರಿಗೂ ಕೆಲಸದಾಳುಗಳಿಗೂ ಕೂಲಿಯಾಗಿ ಕೊಡಬಹುದು. ಇಲ್ಲವೆ ಗಾಡಿಯ ಪ್ರಾಣಿಗಳಿಗೆ, ಹಂದಿಗಳಿಗೆ ಹಾಕಬಹುದು. ಎನೋ ಪ್ರಾಂತದ ಒಡೆಯನು ಆಳುಗಳಿಗೆಂದೇ ಕಾಯಿಸಿದ. ಇಲ್ಲಿಯ ಶಾಸ್ತ್ರಕಾರನು ಉಳಿದು ಕೆಟ್ಟದ್ದನ್ನು ಆಳಿನ ಪಾಲಿಗೆ ಬರೆದ. ಎರಡು ದೇಶಗಳಲ್ಲಿಯೂ ಪಾನ ಕೂಲಿಯ ಭಾಗವೇ ಆಗಿತ್ತು. ಆದರೆ ಕುಡಿಯುವವನ ಮರ್ಯಾದೆ ಒಂದೇ ಆಗಿರಲಿಲ್ಲ.

ನಮ್ಮ ನಾಡಿನಲ್ಲಿ ಅರಮನೆಯ ಪಾನಕ್ಕೆ ಒಂದು ಬೆಲೆ, ಗುಡಿಸಲಿನ ಪಾನಕ್ಕೆ ಒಂದು ಬೆಲೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ಅರಸರ ಕ್ರೀಡೆಗಳಲ್ಲಿ ಒಂದೆಂದು ಎಣಿಸಿದ್ದಾನೆ. ಪಂಪನ ಭಾರತದಲ್ಲಿಯೂ, ಅಂದರೆ ೯೪೧ರ ಹೊತ್ತಿಗೇ, ಕಳ್ಳು ಕುಡಿಯುವವರ ವರ್ಣನೆ ಬಂದಿದೆ. ಸೋಮೇಶ್ವರನ ಕಲ್ಯಾಣದಲ್ಲಿಯೇ, ಅದೇ ಶತಮಾನದಲ್ಲಿ, ಹೆಂಡದ ಮಾರಯ್ಯನೆಂಬ ಶರಣನಿದ್ದ. ಹೆಂಡ ಮಾರುವುದು ಅವನ ಕಾಯಕ. ಅವನ ವಚನಗಳು ಉಳಿದುಬಂದಿವೆ. ಧರ್ಮೇಶ್ವರಲಿಂಗ ಎಂದು ಅಂಕಿತ. ಅಂಗಡಿಯ ಹೆಂಡವನ್ನೂ ಮಡಕೆಯನ್ನೂ ಹಿಡಿದುಕೊಂಡೇ ಆತ ಪರಮಾರ್ಥವನ್ನು ಆಡಿದ. ದೊರೆಯ ಕ್ರೀಡೆಗೂ ಶರಣನ ಕಾಯಕಕ್ಕೂ ನಡುವೆ ಎಷ್ಟು ದೂರ, ಎಷ್ಟು ಹತ್ತಿರ!

ಬಿಯರು ಬೆಂಗಳೂರಿಗೆ ಬಂದದ್ದು ದಂಡಿನೊಡನೆ. ೧೮೦೯ರಲ್ಲಿ ಇಲ್ಲಿ ಬ್ರಿಟಿಷರ ದಂಡು ನೆಲೆಯಾಯಿತು. ಸಿಪಾಯಿಗೆ ಬಿಯರು ಬೇಕು. ಹಡಗಿನಲ್ಲಿ ಬರುವುದು ದುಬಾರಿ. ಊಟಿಯ ಬೆಟ್ಟದಲ್ಲಿ, ಬೆಂಗಳೂರಿನಲ್ಲಿ ಸಣ್ಣ ಸಣ್ಣ ಬ್ರೂವರಿಗಳೆದ್ದುವು. ಅಂಥ ಐದನ್ನು ೧೯೧೫ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ಕಟ್ಟಿದ. ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿ ಪಾಳೆಯಗಳಿಗೆ ಸಾಗಿಸುತ್ತಿದ್ದರಂತೆ. ೧೯೪೭ರಲ್ಲಿ ವಿಠ್ಠಲ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾದರು. ಹಿಂದೆ ಗ್ರಾಂಟ್ ರಸ್ತೆಯಾಗಿದ್ದ ರಸ್ತೆಗೆ ಈಗ ಅವರ ಹೆಸರಿದೆ. ಮುಂದಿನ ಕಥೆಯನ್ನು ನೀವು ಪತ್ರಿಕೆಗಳಲ್ಲಿ ಬೇಕಾದಷ್ಟು ಓದಿದ್ದೀರಿ. ನಾನು ಹೇಳಬೇಕೆಂದಿರುವುದು ಬೇರೆ. ೧೯೪೯ರಲ್ಲಿ ಒಂದೇ ನಗರಪಾಲಿಕೆಯಾಗುವವರೆಗೆ ಬೆಂಗಳೂರು ಎರಡು ಊರಾಗಿತ್ತಷ್ಟೆ? ಬಿಯರು ದಂಡಿನದಾಯಿತು, ಹೆಂಡ ಪೇಟೆಯದೂ ಸುತ್ತಲ ಹಳ್ಳಿಯದೂ ಆಯಿತು. ಮಲ್ಲೇಶ್ವರದ ನಾವು ಎರಡನ್ನೂ ಕಂಡರೆ ಮೂಗು ಮುಚ್ಚಿಕೊಂಡು ಕಾಫಿ ಕುಡಿದೆವು.

ಹೆಂಡ ಸೋತದ್ದೇಕೆ? ರುಚಿಯಿಂದ ಸೋಲಲಿಲ್ಲ. ಈಚಲುಮರದ ನೆತ್ತಿಯ ಬಳಿ ಗಾಯ ಮಾಡಿ, ಸಂಜೆ ಮಡಕೆ ಕಟ್ಟಿದರೆ ನಸುಕಿಗೆ ಸಿಹಿಯಾದ ರಸ; ಹೊತ್ತೇರಿದಂತೆ ನೊರೆ; ಸಂಜೆಗೆ ಹುಳಿ; ಮಾರನೆಯ ದಿನಕ್ಕೆ ಕಾಡಿ. ಕಾಯಿಸುವ ಕೆಲಸವಿಲ್ಲ, ಕಿಣ್ವ ಹಾಕುವುದೂ ಬೇಡ. ಗಾಳಿಯಲ್ಲೂ ಮಡಕೆಯಲ್ಲೂ ಇರುವ ಹುದುಗೇ ಸಾಕು. ಆದರೆ ಅದು ಕಾಯಲಾರದು. ಸೀಸೆಯಲ್ಲಿ ಕೂತು ರೈಲಿನಲ್ಲಿ ಪಯಣ ಮಾಡಲಾರದು, ಉಗ್ರಾಣದಲ್ಲಿ ಕುಳಿತು ಮೊಹರು ಹಾಕಿಸಿಕೊಳ್ಳಲಾರದು. ಅಬಕಾರಿ ಇಲಾಖೆಗೆ—ಆಬ್ ಎಂದರೆ ಪಾರಸಿಯಲ್ಲಿ ನೀರು. ಈ ಇಲಾಖೆಯ ಹೆಸರಿನಲ್ಲಿ ನೀರು ಬಿಟ್ಟು ಮತ್ತೇನೂ ಕಾಣದು—ಸೀಸೆಗಳನ್ನು ಎಣಿಸುವುದು ಸುಲಭ, ಮರಗಳನ್ನು ಎಣಿಸುವುದು ಕಷ್ಟ. ಹಾಗಾಗಿ ಹೆಂಡಕ್ಕೆ ಗುತ್ತಿಗೆ ಬಂತು, ಗುತ್ತಿಗೆದಾರ ಬಂದ, ಕಲಬೆರಕೆ ಬಂತು, ಕುಡಿದು ಹಾಳಾದ ಸಂಸಾರಗಳು ಬಂದುವು. ಈ ಕಡೆಯ ಮಾತನ್ನು ನಾನು ಮರೆಮಾಚಲಾರೆ. ಸಂವಿಧಾನದ ೪೭ನೆಯ ಅನುಚ್ಛೇದ ಪಾನನಿರೋಧವನ್ನು ಗುರಿಯಾಗಿ ಹೇಳಿದ್ದು ಸುಮ್ಮನಲ್ಲ. ಮೈಸೂರು ರಾಜ್ಯ ೧೯೬೧ರಲ್ಲಿ ಪಾನನಿರೋಧದ ಕಾಯಿದೆ ಮಾಡಿತು. ೧೯೬೭ರಲ್ಲಿ ನಿರೋಧವನ್ನು ಸಡಿಲಿಸಿತು. ೨೦೦೭ರ ಜುಲೈ ೧ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಹಿಂದೆ ಹಳ್ಳಿಯ ಹೆಂಗಸರ ಕಣ್ಣೀರೂ ಹೋರಾಟವೂ ಇದ್ದುವು. ಹೆಂಡ ಇಳಿಸುತ್ತಿದ್ದ ಜನರಲ್ಲಿಯೇ ಎಷ್ಟೋ ಮಂದಿ ಆ ಕಸುಬನ್ನು ತಾವಾಗಿ ಬಿಟ್ಟರು. ೧೯೧೨ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದ ನಾರಾಯಣ ಗುರುಗಳು ಮದ್ಯವನ್ನು ಮಾಡುವುದೂ ಮಾರುವುದೂ ಕುಡಿಯುವುದೂ ಬೇಡವೆಂದು ತಮ್ಮ ಜನಕ್ಕೆ ಬೋಧಿಸಿದ್ದರು. ಮಾನದಿಂದ ಬಾಳಬೇಕೆಂದಿದ್ದವರಿಗೆ ಬೇರೆ ದಾರಿ ಯಾವುದಿತ್ತು?

ಈಗ ನನ್ನ ತಪ್ಪಿನ ಮಾತು. ಸೀಸೆ ತಂದ ಹುಡುಗನ ತಂದೆ ಮಾಗಡಿಯ ಕಡೆಯವರು. ಈಚಲುಮರ ಹತ್ತಿ ಹೆಂಡ ಇಳಿಸುತ್ತಿದ್ದವರು. ಆ ಕಸುಬು ನಿಂತ ಮೇಲೆ ಸಂಸಾರ ಬೆಂಗಳೂರಿಗೆ ಬಂತು. ಹುಡುಗ ನನ್ನ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ. ಒಂದು ದಿನ ಜಿ. ಪಿ. ರಾಜರತ್ನಂ ಅವರ ರತ್ನನ ಪದಗಳಲ್ಲಿ ಒಂದನ್ನು ಪಾಠ ಹೇಳುತ್ತಿದ್ದೆ. ಕುಡುಕ ರತ್ನನ ಮಾತು ಬಂದರೆ ಹುಡುಗರಿಗೆ ನಗೆ ತಡೆಯದು. ಹಿಂದಿನ ಬೆಂಚಿನಿಂದ ಒಬ್ಬ, ‘ಸಾರ್, ಇವರಪ್ಪ ಹೆಂಡ ಇಳಿಸ್ತಿದ್ರಂತೆ’ ಎಂದು ಕೂಗಿದ. ತರಗತಿ ಗೊಳ್ಳೆಂದಿತು. ಹುಡುಗ ಪುಸ್ತಕದ ಮೇಲೆ ತಲೆ ಬಗ್ಗಿಸಿದ. ನಾನು, ‘ಸದ್ದು, ಸದ್ದು’ ಎಂದು ಮೇಜು ಬಡಿದು ಮುಂದಿನ ಪದ್ಯಕ್ಕೆ ಹೋದೆ. ಅಷ್ಟೇ ಮಾಡಿದ್ದು. ಅದಕ್ಕೆ ಎರಡು ವಾರ ಮುಂಚೆ ಅದೇ ತರಗತಿಯಲ್ಲಿ, ಅದೇ ಮೇಜಿನ ಹಿಂದೆ ನಿಂತು, ಹೆಂಡದ ಮಾರಯ್ಯನ ಕಾಯಕನಿಷ್ಠೆಯನ್ನು ಕೊಂಡಾಡಿದ್ದೆ. ಎಂಟು ನೂರು ವರುಷ ಹಿಂದಿನ ಹೆಂಡದವನಿಗೆ ಕೈಮುಗಿಯುವುದು ಸುಲಭ. ಆ ಹೊತ್ತು ಮಾರಯ್ಯನ ಹೆಸರನ್ನೆತ್ತಿ ಒಂದು ಮಾತಾಡಿದ್ದರೆ ಸಾಕಾಗಿತ್ತು. ನನಗೆ ಅದು ಹೊಳೆದದ್ದು ಮನೆಗೆ ಬಂದು ಕಾಫಿ ಕುಡಿಯುವಾಗ. ಮಾರನೆಯ ದಿನ ಬೇರೆ ಪಾಠ.

ಹುಡುಗನಿಗೆ ಅದು ನೆನಪಿದೆಯೋ ಇಲ್ಲವೋ, ನಾನು ಕೇಳಲಿಲ್ಲ, ಅವನೂ ಎತ್ತಲಿಲ್ಲ. ಸೀಸೆಯ ಮುಚ್ಚಳ ತೆಗೆದ. ಸೋಡಾದಂತೆ ಬುಸುಗುಟ್ಟಿತು. ಲೋಟದಲ್ಲಿ ಬಣ್ಣ ಕಾಣುವುದಿಲ್ಲವೆಂದು ಅವನಿಗೆ ಬೇಸರ. ಕಿಟಕಿಯ ಬೆಳಕಿಗೆ ಸೀಸೆಯನ್ನೇ ಹಿಡಿದು ತೋರಿಸಿದ. ಒಣಹುಲ್ಲಿನ ಹಳದಿ, ಸ್ವಲ್ಪ ಮಬ್ಬು, ಮೇಲೆ ದಪ್ಪನೆಯ ಬಿಳಿ ನೊರೆ. ಮೂಗಿಗೆ ಮೊದಲು ಬಂದದ್ದು ಕಿತ್ತಳೆಯ ಸಿಪ್ಪೆ, ಹಿಂದೆಯೇ ಜಜ್ಜಿದ ಮೆಣಸು; ಇವೆರಡರ ಕೆಳಗೆ ಕಣದ ವಾಸನೆ, ಬಿಸಿಲಿಗೆ ಕಾದ ಹುಲ್ಲಿನದು. ನಾಲಗೆಯ ಮೇಲೆ ಷಡ್ರಸಗಳಲ್ಲಿ ಕಹಿ ಮುಂದು, ಒಗರು ಅದರ ಬೆನ್ನಿಗೆ, ಹುಳಿ ಒಂದು ಎಳೆ, ಖಾರದ ನೆರಳು. ಉಪ್ಪಿನ ಮಾತಿಲ್ಲ, ಸಿಹಿ ಬಂದಂತೆ ಮಾಡಿ ಹೋಗಿಬಿಟ್ಟಿತು. ನುಂಗಿದ ಮೇಲೆ ಬಾಯಿ ಒಣಗಿ, ಇನ್ನೊಂದು ಗುಟುಕು ಕೇಳಿತು. ಬಾಯಾರಿದವನಿಗಾಗಿ ಮಾಡಿದ್ದು ಎಂಬ ಮಾತು ಆಗ ಅರ್ಥವಾಯ್ತು. ರಾಗಿ ಎಲ್ಲಿದೆ ಎಂದು ಹುಡುಕಿದೆ. ಕಡೆಯಲ್ಲಿ, ಹುರಿಹಿಟ್ಟಿನ ಡಬ್ಬ ತೆರೆದಾಗ ಬರುವಂಥ ಒಂದು ಸುಳಿವು ಸಿಕ್ಕಿತು.

‘ಯೀಸ್ಟನ್ನು ಪ್ರತಿಸಲವೂ ಹೊಸದಾಗಿ ತರುತ್ತೀರೇನಪ್ಪ?’ ಎಂದು ಕೇಳಿದೆ. ‘ಇಲ್ಲ ಸಾರ್. ಒಂದು ಸಲದ್ದರಲ್ಲಿ ತಳದಲ್ಲಿ ಉಳಿದದ್ದನ್ನ ತೆಗೆದು ಇನ್ನೊಂದಕ್ಕೆ ಹಾಕ್ತೀವಿ. ಅಪ್ಪ ಹೇಳೋರು, ಮಡಕೆಯನ್ನ ಪೂರಾ ತೊಳೀಬಾರದು, ತೊಳೆದರೆ ಹೆಂಡ ಏಳಲ್ಲ ಅಂತ. ನಾನು ಓದಿ ಕಲಿತದ್ದು ಇದನ್ನೇ.’ ಇದನ್ನು ಹೇಳುವಾಗ ಅವನ ತಲೆ ಎತ್ತಿಯೇ ಇತ್ತು. ಒಂದು ಲೋಟಕ್ಕೆ ಅವರಲ್ಲಿ ಎಷ್ಟು ತೆಗೆದುಕೊಳ್ಳುತ್ತಾರೆಂದು ಕೇಳಿದೆ. ಹೇಳಿದ. ಹೊಲದಾಳಿನ ಅರ್ಧ ದಿನದ ಕೂಲಿಗೂ ಮೀರಿದ ಹಣ. ಆಳಿಗೆ ಕೂಲಿಯಾಗಿ ಕೊಡುತ್ತಿದ್ದ ಪಾನವನ್ನು ಇಂದು ಆಳು ತನ್ನ ಕೂಲಿಯಿಂದ ಕೊಳ್ಳಲಾರ. ಇದು ಬೆಂಗಳೂರಿನ ಮಾತು.

ಇನ್ನು ಹೆಸರು. ಋತುಪಾನ ಎನ್ನೋಣವೆಂದರೆ ಔಷಧದ ಅಂಗಡಿಯ ಮಾತಿನಂತೆ ಕೇಳಿಸಿತು. ಫ್ರೆಂಚರ ಸೆಜೋನ್, ಇಂಗ್ಲಿಷರ ಸೀಸನ್, ಎರಡಕ್ಕೂ ಮೂಲ ಲ್ಯಾಟಿನ್ನಿನ ಒಂದು ಶಬ್ದ. ಅದರ ಅರ್ಥ ಬಿತ್ತನೆ. ಬಿತ್ತುವ ಕಾಲವೇ ಕಾಲವೆಂದು ಅಲ್ಲಿಯ ರೈತ ಋತುವಿಗೆ ಆ ಹೆಸರಿಟ್ಟ. ನಮ್ಮ ರೈತನೂ ಅಂಥದೇ ಒಂದು ಮಾತನ್ನು ಇಟ್ಟಿದ್ದಾನೆ. ೧೮೯೪ರ ಕಿಟ್ಟೆಲರ ಕೋಶವನ್ನು ಬೀರುವಿನಿಂದ ತೆಗೆದು—ಈ ಬೀರು ಕಬ್ಬಿಣದ್ದು—ಹುಡುಗನ ಮುಂದೆ ಇಟ್ಟೆ. ಸುಗ್ಗಿ: ವಸಂತಕಾಲವೂ ಹೌದು, ಕೊಯ್ಲಿನ ಕಾಲವೂ ಹೌದು. ಅಲ್ಲಿ ಬಿತ್ತನೆಯಿಂದ ಋತು, ಇಲ್ಲಿ ಋತುವೂ ಕೊಯ್ಲೂ ಒಂದೇ ಮಾತಿನೊಳಗೆ. ‘ಸುಗ್ಗಿ ಎಂದೇ ಬರೆ’ ಎಂದೆ. ‘ಗಕಾರಕ್ಕೆ ಗಕಾರದ ಒತ್ತು. ಹಲಗೆಯ ಮೇಲೆ ಒತ್ತು ಬಿಟ್ಟು ಬರೆದರೆ ನಾನೇ ಬಂದು ತಿದ್ದುತ್ತೇನೆ.’

ಅವನು ಬರೆದುಕೊಂಡ. ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಕೇಳಿದೆ: ‘ನಿಮ್ಮ ತಂದೆಯವರಿಗೆ ಕೊಟ್ಟೆಯೇನಯ್ಯ ಇದನ್ನು?’

‘ಕೊಟ್ಟೆ ಸಾರ್. ಹುಳಿ ಸಾಲದು, ಇನ್ನೂ ಎರಡು ದಿನ ಬಿಡಬೇಕಿತ್ತು ಅಂದ್ರು.’